ಹ್ಞೂಂ ಅನ್ನುವ ಜಾಗ

ಹೆಗ್ಗರಣೆಯ ವಾಲಿಬಾಲ್ ಪಂದ್ಯಾವಳಿಯ ಬ್ಯಾನರಿನಲ್ಲಿ ‘ಎಲ್ಲರೂ ಬನ್ನಿ’ ಎಂದು ಬರೆದು, ಅದರ ಮುಂದೆ ಆಶ್ಚರ್ಯಸೂಚಕಗಳನ್ನು ಒಂದರ ಪಕ್ಕ ಒಂದು ನಿಲ್ಲಿಸುತ್ತ ಹೋದ ತಸ್ಲೀಮಳಿಗೆ, ಬಾರದವರನ್ನು ಬಡಿದು ಎಳೆತರಲು ದೊಣ್ಣೆ ಹಿಡಿದು ನಿಂತವರ ಸಾಲಿನಂತೆ ಅದು ಕಂಡಿತು. ಬೆರಳು ಮಾತ್ರ ನಿಲ್ಲಲಿಲ್ಲ. ಸಿರ್ಸಿಯ ಯಲ್ಲಾಪುರ ನಾಕಾದ ಹತ್ತಿರ, ಪಂಕ್ಚರ್ ಅಂಗಡಿಗೂ ಬೇಕರಿಗೂ ನಡುವೆ ಸಿಕ್ಕಿಕೊಂಡ ಈ ಫ್ಲೆಕ್ಸ್ ಅಂಗಡಿಯಲ್ಲಿ ಅವಳ ಕೆಲಸವೇ ಅದು. ಗಿರಾಕಿ ತಂದ ನಾಲ್ಕು ಮಾತನ್ನು ಕಂಪ್ಯೂಟರಿನಲ್ಲಿ ಕೂರಿಸುವುದು, ಬಣ್ಣ ಬಳಿಯುವುದು, ಆಮೇಲೆ ಉಳಿದ ಜಾಗದಲ್ಲೆಲ್ಲ ಕೋಲು ಹುಗಿಯುವುದು. ಕೋಲು ಅನ್ನುವುದು ಮಾಲಿಕ ಶಾಂತಾರಾಮಣ್ಣ ಇಟ್ಟ ಹೆಸರು. ಆಶ್ಚರ್ಯಸೂಚಕಕ್ಕೆ ಕೋಲು, ಸಾಲುಚುಕ್ಕಿಗೆ ಸಾಸಿವೆ, ಪ್ರಶ್ನಾರ್ಥಕಕ್ಕೆ ಕುಡುಗೋಲು. ಕಾನಸೂರಿನ ಗದ್ದೆಯ ಕೆಲಸ ತಮ್ಮನಿಗೆ ಬಿಟ್ಟು ಪೇಟೆಗೆ ಬಂದ ಅವನು ಇಲ್ಲಿಯೂ ಬೇಲಿ ಹಾಕುವ, ಒಗ್ಗರಣೆ ಸಿಡಿಸುವ ಮಾತಿನಲ್ಲೇ ಯೋಚಿಸುತ್ತಿದ್ದ. ಅವನ ತರ್ಕ ಸರಳವಾಗಿತ್ತು. ಫ್ಲೆಕ್ಸಿನ ದರ ಚದರಡಿಗೆ, ಅಕ್ಷರಕ್ಕಲ್ಲ. ಅಂದಮೇಲೆ ಖಾಲಿ ಬಿಟ್ಟ ಒಂದೊಂದು ಚದರಡಿಯಲ್ಲೂ ಗಿರಾಕಿಗೆ ತಾನು ಮೋಸಹೋದದ್ದೇ ಕಾಣುತ್ತದೆ.

“ಆಯ್ತನೆ ತಂಗೀ?” ಅವನು ಬೆನ್ನ ಹಿಂದೆ ಬಂದು ನಿಂತ. “ಎಂತದೆ ಇದು, ಉಪ್ಪು ಹಾಕದ ಗಂಜಿ ಹಂಗೆ ಕಾಣ್ತದೆ. ಎಡಗಡೆ ಬೋಳು ಬೋಳು. ಇನ್ನೊಂದು ಹಿಡಿ ಕೋಲು ಹಾಕು, ಕೆಳಗೆ ಸಾಸಿವೆ ಸಿಡಿಸು.”

“ಸಾಕಲ್ಲ ಶಾಂತಾರಾಮಣ್ಣ. ಆಟಕ್ಕೆ ಕರೀತಾ ಇರೋದು, ಬೆಂಕಿ ಬಿದ್ದಿದೆ ಅಂತ ಅಲ್ಲ.”

“ಬೆಂಕಿ ಬಿದ್ರೆ ಯಾರೂ ಫ್ಲೆಕ್ಸ್ ಮಾಡ್ಸೂದಿಲ್ಲ ಮಾರಾಯ್ತಿ. ಹಾಕು.”

ಹಾಕಿದಳು. ಹಾಕುವುದು ಹೊಸದೇನಲ್ಲ. ಮೊನ್ನೆ ನಂದೊಳ್ಳಿಯ ಪಾರ್ವತವ್ವ ಎಂಬ ಮುದುಕಿಯ ಶ್ರದ್ಧಾಂಜಲಿಗೆ, ಅರ್ಧ ಮುಚ್ಚಿದ ಕಣ್ಣಿನ ಆ ಮುಖದ ಕೆಳಗೆ, ‘ಮತ್ತೆ ಹುಟ್ಟಿ ಬಾ’ ಎಂದು ಬರೆದು ಅದಕ್ಕೂ ಕೋಲು ಹುಗಿದಿದ್ದಳು. ಮುದುಕಿ ಬೆಚ್ಚಿ ಎದ್ದು ಕುಳಿತು, ಯಾರೇ ಅದು ಕೂಗುವವರು, ಎಂದು ಕೇಳಿದಂತಾಗಿ ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಬೆನ್ನಿಗೆ ಏನೋ ಅಂಟಿಕೊಂಡ ಹಾಗಿತ್ತು. ಆದರೂ ಮರುದಿನ ಬಂದು ಕುಳಿತಳು. ಬೇರೆಯವರ ಸಂಭ್ರಮ, ಬೇರೆಯವರ ಸಾವು. ಶಿಫ್ಟ್ ಒತ್ತಿ ಹಿಡಿದು ಒಂದು ಎಂಬ ಕೀಲಿಯನ್ನು ಕುಟ್ಟಿದರೆ ಮುಗಿಯಿತು. ಆದರೆ ಇವತ್ತು ಆ ಕೀಲಿ ಬೆರಳಿಗೆ ಚುಚ್ಚುತ್ತಿತ್ತು, ಯಾಕೆಂದರೆ ಮೇಜಿನ ಮೇಲೆ ಬೋರಲಾಗಿ ಮಲಗಿಸಿದ್ದ ಮೊಬೈಲು ನಿನ್ನೆ ಮಧ್ಯಾಹ್ನದಿಂದ ಸತ್ತ ಹಾಗೆ ಬಿದ್ದಿತ್ತು.

ನಿನ್ನೆ ಮಧ್ಯಾಹ್ನ ನಿಹಾಲ್ ಕೇಳಿದ್ದ. ಯಲ್ಲಾಪುರದ ನಿಹಾಲ್, ಸ್ವಂತ ಪಾರ್ಸೆಲ್ ಟೆಂಪೋ ಓಡಿಸುವವನು, ಬರುವ ಶುಕ್ರವಾರ ಅವಳೊಂದಿಗೆ ಮಂಗನಿ, ಅಂದರೆ ನಿಶ್ಚಿತಾರ್ಥ, ಆಗಬೇಕಾದವನು. ‘ನಮ್ಮನೇಲಿ ಖುಷಿಯಾಗಿರ್ತೀಯಾ ತಾನೇ????!!’ ಎಂದು ಬರೆದಿದ್ದ. ಅವಳು ಬೇಕರಿಯ ಹಿಂದಿನ ಕಟ್ಟೆಯ ಮೇಲೆ ಕೂತು ಆ ಪ್ರಶ್ನೆಯನ್ನು ಬಹಳ ಹೊತ್ತು ನೋಡಿದ್ದಳು. ಅವನ ಕುಡುಗೋಲು, ಕೋಲುಗಳನ್ನೆಲ್ಲ ಮನಸ್ಸಿನಲ್ಲೇ ಬದಿಗೆ ಸರಿಸಿ, ಒಳಗಿದ್ದ ಹೆದರಿದ ಹುಡುಗನನ್ನು ಕಂಡು, ಅವಳಿಗೆ ತನ್ನ ಇಡೀ ಮೈ ಬೆಚ್ಚಗಾದ ಹಾಗನ್ನಿಸಿತ್ತು. ಹುಡುಗಿ ನೋಡಲು ಬಂದ ದಿನ ಎಲ್ಲರೂ ಗಟ್ಟಿ ಗಟ್ಟಿ ಮಾತಾಡುತ್ತಿದ್ದಾಗ, ಟೀಪಾಯಿಯ ಅಂಚಿನಲ್ಲಿ ಬೀಳುವಂತಿದ್ದ ಶರಬತ್ತಿನ ಲೋಟವನ್ನು ಅವನು ಒಂದೇ ಬೆರಳಿನಿಂದ ಒಳಕ್ಕೆ ಸರಿಸಿದ್ದ. ಅದನ್ನು ಯಾರೂ ನೋಡಿರಲಿಲ್ಲ, ಹಾಗೆ ಮಾಡಿದೆನೆಂದು ಅವನಿಗೇ ಗೊತ್ತಿದ್ದ ಹಾಗಿರಲಿಲ್ಲ. ಆ ಲೋಟ ಅವತ್ತಿನಿಂದ ಅವಳೊಳಗೆ ಅಲುಗಾಡದೆ ಕೂತಿತ್ತು. ಅದನ್ನೆಲ್ಲ ಸೇರಿಸಿ, ತನಗೆ ಗೊತ್ತಿರುವ ಅತ್ಯಂತ ತುಂಬಿದ ಮಾತನ್ನು ಆಯ್ದು, ಅವಳು ಬರೆದಿದ್ದಳು. ‘ಹ್ಞೂಂ’. ಮುಂದೆ ಏನೂ ಇಲ್ಲ. ಅವನಿಂದ ‘ಅಷ್ಟೇನಾ......’ ಎಂದು ಬಂತು. ಆಮೇಲೆ ಏನೂ ಬರಲಿಲ್ಲ.

ಅಷ್ಟೇ ಅಂದರೆ ಎಷ್ಟು ಎಂದು ಅವನಿಗೆ ಹೇಗೆ ತಿಳಿಸುವುದು. ಅವಳ ದಾದಿ, ಅಪ್ಪನ ತಾಯಿ ಬಿಸ್ಮಿಲ್ಲಾ ಬಿ, ಕಥೆ ಹೇಳುತ್ತಿದ್ದದ್ದೇ ಹ್ಞೂಂಕಾರದ ಮೇಲೆ ಕಾಲಿಟ್ಟು. ಹಿತ್ತಿಲ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತ ದಾದಿ, ಮನೆಯ ಉರ್ದು ಅರ್ಧ ಪೇಟೆಯ ಕನ್ನಡ ಅರ್ಧ ಕಲಸಿ ಒಂದು ಮಾತು ಹೇಳಿ ನಿಲ್ಲಿಸುವಳು. ಕೇಳುವವರು ಹ್ಞೂಂ ಅನ್ನಬೇಕು. ಅಂದರೆ ಮುಂದಿನ ಮಾತು. ಅನ್ನದಿದ್ದರೆ ಕಥೆ ಅಲ್ಲೇ ಹೊಳೆಯ ನಡುವೆ ಒಂಟಿಕಾಲಲ್ಲಿ ನಿಂತಂತೆ. “ಅರೇ, ಹ್ಞೂಂ ಎಲ್ಲಿ ಹೋಯ್ತು? ಕಥೆಗೆ ನಾನು ಒಂದು ಕಾಲು, ನೀನೊಂದು ಕಾಲು. ಕುಂಟು ಕಥೆ ನಂಗೆ ಬೇಡ.” ರಾಜಕುಮಾರಿ ಬಾವಿಗೆ ಬೀಳುವಾಗ ದಾದಿಯ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ರಾಕ್ಷಸ ಬಂದಾಗ ಪಿಸುಮಾತು. ಹೆದರುವುದು, ಅಳುವುದು, ಅಬ್ಬಾ ಅನ್ನುವುದು ಎಲ್ಲ ಕೇಳುವ ಹುಡುಗಿಯ ಪಾಲು. ಆ ಪಾಲನ್ನು ದಾದಿ ಒಂದು ದಿನವೂ ಕಸಿದುಕೊಂಡವಳಲ್ಲ.

“ಹೋಯ್, ಬರ್ರಿ ಅಕ್ಕಾ, ಕುತ್ಕೊಳ್ರಿ,” ಎಂದ ಶಾಂತಾರಾಮಣ್ಣ.

ತಸ್ಲೀಮ್ ತಿರುಗಿ ನೋಡಿದರೆ ಬಾಗಿಲಲ್ಲಿ ನಿಹಾಲನ ಅಕ್ಕ ಯಾಸ್ಮೀನ್. ಬುರ್ಖಾದ ಅಂಚಿಗೆ ಯಲ್ಲಾಪುರ ರಸ್ತೆಯ ಕೆಂಪು ಧೂಳು, ಕೈಯಲ್ಲಿ ಬಸ್ಸಿನ ಟಿಕೇಟು ಇನ್ನೂ ಮಡಚಿದ ಹಾಗೇ ಇತ್ತು. ತಸ್ಲೀಮ್ ಎದ್ದು ಸಲಾಂ ಹೇಳಿದಳು. ಯಾಸ್ಮೀನ್ ಪ್ರತಿಸಲಾಂ ಹೇಳಿ, ಅವಳ ಮುಖವನ್ನು ಜ್ವರವಿದೆಯೇ ಎಂದು ನೋಡುವವರಂತೆ ನೋಡಿ, ಮಾಲಿಕನ ಕಡೆ ತಿರುಗಿದಳು.

“ಶುಕ್ರವಾರ ಮಂಗನಿಗೆ ಒಂದು ಫ್ಲೆಕ್ಸ್ ಬೇಕ್ರಿ ಅಣ್ಣಾ. ಸ್ಟೇಜಿನ ಹಿಂದ ಕಟ್ಟೂದು, ದೊಡ್ಡದು. ಮಧ್ಯಾಹ್ನದ ಬಸ್ಸಿಗೆ ಒಯ್ತೀನಿ.”

“ಅಯ್ಯ, ನಮ್ಮ ತಂಗಿದೇ ಮಂಗನಿ. ನೋಡೇ, ನಿಂದು ನೀನೇ ಮಾಡ್ಕ್ಯಳದು. ಕ್ಷೌರದವ ತನ್ನ ತಲೆ ತಾನೇ ಬೋಳಿಸ್ದ ಹಂಗಾಯ್ತು,” ಎಂದು ಶಾಂತಾರಾಮಣ್ಣ ನಕ್ಕ. ಅಷ್ಟರಲ್ಲಿ ಮನೆಯಿಂದ ಫೋನು ಬಂದು, “ಇಲ್ಲೆ, ಆನು ಆಮೇಲೆ ಬರ್ತೆ, ಈಗ ಗಿರಾಕಿ ಇದ್ದೊ,” ಎಂದು ತನ್ನ ಮನೆಮಾತಿನಲ್ಲಿ ಹೇಳುತ್ತ ಹೊರಗೆ ಹೋದ.

ಅವನು ಹೋದದ್ದೇ ಯಾಸ್ಮೀನ್ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಈಗ ಮಾತು ಉರ್ದುವಿಗೆ ಹೊರಳಿತು, ದನಿಯೂ ತಗ್ಗಿತು. “ನೋಡು ತಸ್ಲೀಮ್, ಫ್ಲೆಕ್ಸು ನೆಪ. ನಿನ್ನೆಯಿಂದ ನನ್ನ ತಮ್ಮ ತಟ್ಟೆ ಮುಟ್ಟಿಲ್ಲ. ಖುಷಿಯಾಗಿರ್ತೀಯಾ ಅಂತ ಕೇಳಿದ್ರೆ ಯಾರಾದ್ರೂ ಹ್ಞೂಂ ಅಂತಾರಾ? ಒಣಕ್ಕೆ? ದಿನಸಿ ಅಂಗಡಿಯವನು ಬೆಲ್ಲ ಇದೆಯಾ ಅಂದ್ರೆ ಹ್ಞೂಂ ಅಂದ ಹಾಗೆ?”

“ಆಪಾ, ನಾನು ಮನಸ್ಸಿಂದಲೇ ಹೇಳಿದ್ದು.”

“ಮನಸ್ಸು ಯಾರಿಗೆ ಕಾಣ್ತದೆ? ಅಮ್ಮಿ ಏನಂದಳು ಗೊತ್ತಾ? ಹುಡುಗಿ ಕೆಲಸಕ್ಕೆ ಹೋಗ್ತಾಳೆ, ಜಂಭ ಇರಬಹುದು, ಇಲ್ಲಾ ಮನೆಯವರ ಒತ್ತಾಯಕ್ಕೆ ಒಪ್ಪಿರಬಹುದು. ಶುಕ್ರವಾರದ ಮುಂಚೆಯೇ ನಿಲ್ಲಿಸಿದ್ರೆ ಎರಡೂ ಕಡೆ ಮರ್ಯಾದೆ ಅಂದಳು. ನಾನೇ ಹೇಳಿದೆ, ತಡಿ, ಒಂದ್ಸಲ ಹೋಗಿ ಮುಖ ನೋಡ್ಕೊಂಡು ಬರ್ತೀನಿ ಅಂತ.” ಅವಳು ಮೇಜಿನ ಮೇಲಿದ್ದ ಮೊಬೈಲನ್ನು ಅಂಗಾತ ತಿರುಗಿಸಿ ತಸ್ಲೀಮಳ ಕಡೆ ತಳ್ಳಿದಳು. “ಈಗಲೇ ಒಂದು ಬರಿ. ತುಂಬಾ ತುಂಬಾ ಖುಷಿ ಅಂತ. ಮುಂದೆ ನಾಲ್ಕು ಹಾಕು, ಅದೇ ಆ ಉದ್ದುದ್ದದ್ದು. ಹಾಕೋಕೆ ಏನು ಕೈ ಸವೆಯುತ್ತಾ? ಊರಿಗೆಲ್ಲ ಹಾಕಿಕೊಡ್ತೀಯ.”

ಊರಿಗೆಲ್ಲ ಹಾಕಿಕೊಡುತ್ತೀಯ. ಅದು ನಿಜವಾದ್ದರಿಂದ ಕೆನ್ನೆ ಸುಟ್ಟಿತು. ವಾಲಿಬಾಲಿಗೆ ಹಾಕುತ್ತಾಳೆ, ಸತ್ತ ಪಾರ್ವತವ್ವನಿಗೆ ಹಾಕುತ್ತಾಳೆ, ಗಂಡನಾಗುವವನಿಗೆ ಮಾತ್ರ ಹಾಕಲು ಬಿಂಕ. ಬರೆದರೇನು. ನಾಲ್ಕು ಕೋಲಿಗೆ ಒಬ್ಬ ಮನುಷ್ಯ ಊಟ ಮಾಡುತ್ತಾನೆಂದರೆ ಹಾಕುವುದೇ ಪುಣ್ಯ. ಮೊಬೈಲನ್ನು ಕೈಗೆತ್ತಿಕೊಂಡಳು. ‘ತುಂಬಾ ತುಂಬಾ ಖುಷಿ’ ಎಂದು ಬರೆದಳು. ಹೆಬ್ಬೆರಳು ಕೋಲಿನ ಮೇಲೆ ಬಂದು ನಿಂತಿತು. ಇವತ್ತು ನಾಲ್ಕು ಹಾಕಿದರೆ ನಾಳೆ ಮೂರು ಹಾಕುವ ಹಾಗಿಲ್ಲ, ಮೂರಾದರೆ ಪ್ರೀತಿ ಇಳಿಯಿತು ಎಂದಾಗುತ್ತದೆ. ಈದಿಗೆ ಆರು, ಮಗು ಹುಟ್ಟಿದರೆ ಸಾಲುಗಟ್ಟಲೆ. ಮುದುಕಿಯಾಗಿ ಔಷಧಿ ತಂದೆಯಾ ಎಂದು ಕೇಳುವಾಗಲೂ ಊರು ಎಬ್ಬಿಸುವ ಹಾಗೆ ಕೇಳಬೇಕು. “ಮೊದಲು ಫ್ಲೆಕ್ಸ್ ಮುಗಿಸ್ತೀನಿ ಆಪಾ, ಬಸ್ಸಿಗೆ ತಡ ಆಗ್ತದೆ,” ಎಂದು ಮೊಬೈಲನ್ನು ಮತ್ತೆ ಬೋರಲು ಹಾಕಿದಳು. ಹೇಡಿ, ಎಂದು ತನ್ನನ್ನೇ ಬೈದುಕೊಂಡಳು.

ಯಾಸ್ಮೀನ್ ತಮ್ಮನ ಫೋಟೊ ಕಳಿಸಿದಳು. ಟೆಂಪೋಗೆ ಒರಗಿ ಕಪ್ಪು ಕನ್ನಡಕ ಹಾಕಿ ನಿಂತ ನಿಹಾಲ್ ಫ್ಲೆಕ್ಸಿನ ಎಡಭಾಗವನ್ನು ತುಂಬಿ ನಿಂತ. ಬಲಭಾಗದಲ್ಲಿ ಹುಡುಗಿಯ ಫೋಟೊ ಹಾಕುವಂತಿಲ್ಲ. ಹೆಣ್ಣಿನ ಮುಖ ಸ್ಟೇಜಿನ ಮೇಲೆ ತೂಗುವುದು ಬೇಡವೆಂದು ತಸ್ಲೀಮಳ ಅಪ್ಪ ರಸೂಲ್ ಮೊದಲೇ ಹೇಳಿದ್ದ, ನಿಹಾಲನ ಕಡೆಯ ಪದ್ಧತಿಯೂ ಅದೇ. ಫೋಟೊ ಅವಳಿಗೂ ಬೇಡವಾಗಿತ್ತು. ಹೆಸರೊಂದು ಬರೆದಳು, ತಸ್ಲೀಮ್ ಎಂದು. ಅಷ್ಟು ದೊಡ್ಡ ಬಯಲಿನಲ್ಲಿ ಹೆಸರು ಸಣ್ಣಗೆ, ಗದ್ದೆಯಲ್ಲಿ ಒಂಟಿ ಕೊಕ್ಕರೆ ಕೂತ ಹಾಗೆ ಕಂಡಿತು. ಅವಳಿಗೆ ಅದು ಚೆಂದ ಅನ್ನಿಸಿತು.

ಫೋನು ಮುಗಿಸಿ ಒಳಬಂದ ಶಾಂತಾರಾಮಣ್ಣನಿಗೆ ಅನ್ನಿಸಲಿಲ್ಲ. “ಎಂತದೆ, ಬಲಗಡೆ ದನ ಮೇದು ಹೋದಂಗೆ ಇದ್ಯಲೆ. ಫೋಟೊ ಇಲ್ದಿದ್ರೆ ಗುಲಾಬಿ ಹಾಕು. ಕೋಲು ಹಾಕು. ನಿಂದೇ ಮಂಗನಿ ಅಂದ್ರೆ ಕೈ ಬಿಗಿ ಮಾಡ್ತ್ಯನೆ?”

“ಹಾಕ್ರಿ ಹಾಕ್ರಿ, ತುಂಬ ಹಾಕ್ರಿ,” ಎಂದಳು ಯಾಸ್ಮೀನ್. “ಮಂದಿ ನೋಡಿದ್ರ ಹುಡುಗಿ ಕಡೆಯವ್ರಿಗೆ ಮನಸ್ಸಿಲ್ಲ ಅನಬಾರ್ದು.”

ಹಾಕಿದಳು. ಶಿಫ್ಟ್ ಒತ್ತಿ ಹಿಡಿದಳು. ತನ್ನ ಹೆಸರಿನ ಮುಂದೆ ಒಂದು ಸಾಲು, ಕೆಳಗೆ ಇನ್ನೊಂದು, ಮೇಲೆ ಗುಲಾಬಿ, ಗುಲಾಬಿಯ ಸಂದಿನಲ್ಲಿ ಸಾಸಿವೆ. ಕೆಂಪು ಬಣ್ಣ, ಹಳದಿ ಅಂಚು. ಶಾಂತಾರಾಮಣ್ಣ ಈಗ ಕಳೆ ಬಂತು ಎಂದ. ತಸ್ಲೀಮ್ ಕುರ್ಚಿಯನ್ನು ಹಿಂದಕ್ಕೆ ಸರಿಸಿ ನೋಡಿದಳು. ಎಡಕ್ಕೆ ನಿಹಾಲ್ ಇದ್ದ, ತಲೆಯಿಂದ ಕಾಲಿನವರೆಗೆ ಇದ್ದ. ಅವನ ಪಕ್ಕ ಅವಳು ನಿಲ್ಲಬೇಕಾದಲ್ಲಿ, ಅವಳಷ್ಟೇ ಎತ್ತರಕ್ಕೆ, ಕೋಲುಗಳು ನಿಂತಿದ್ದವು. ಶುಕ್ರವಾರ ಈ ಗುಂಪಿನ ಪಕ್ಕ ಅವನು ಕೂರುತ್ತಾನೆ. ಇವುಗಳೊಂದಿಗೇ ಬಾಳುತ್ತಾನೆ. ಇವು ಅವನಿಗೆ ಬೆಳಿಗ್ಗೆ ಎದ್ದಕೂಡಲೇ ಖುಷಿ ಎಂದು ಕೂಗಿ ಹೇಳುತ್ತವೆ, ಅವನು ಉಣ್ಣುತ್ತಾನೆ, ಮತ್ತು ಇವುಗಳ ಹಿಂದೆ ಎಲ್ಲೋ ಒಬ್ಬಳು ಇದ್ದಳೆಂದು ಅವನಿಗೆ ತಿಳಿಯುವುದೇ ಇಲ್ಲ.

ದಾದಿ ಕೊನೆಯ ಕಥೆ ಹೇಳಿದ ಮಧ್ಯಾಹ್ನವೂ ಇಂಥದೇ ಬೆಳಕಿತ್ತು. ಹಿತ್ತಿಲ ಬಾಗಿಲಲ್ಲಿ ದಾದಿ, ಮೊರದಲ್ಲಿ ಅಕ್ಕಿ, ತಸ್ಲೀಮಳ ಕೈಯಲ್ಲಿ ಹೊಸ ಮೊಬೈಲು. ಒಂದೂರಿತ್ತು, ಎಂದಿದ್ದಳು ದಾದಿ. ಆ ಊರಿನ ರಾಜನ ಕಿವಿ ಮಂದ, ಆದರೆ ಒಪ್ಪಿಕೊಳ್ಳುವ ಧೈರ್ಯವಿಲ್ಲ. ಹ್ಞೂಂ. ಊರಿನವರ ಮಾತಿಗೇ ಸತ್ವವಿಲ್ಲ ಎಂದು ಡಂಗುರ ಹೊಡೆಸಿದ. ಇನ್ನು ಮೇಲೆ ಪ್ರತಿ ಮಾತಿನ ಕೊನೆಗೂ ನಗಾರಿ ಬಾರಿಸಬೇಕು, ಬಾರಿಸದೆ ಆಡಿದ್ದು ಮಾತೇ ಅಲ್ಲ. ಹ್ಞೂಂ. ಊರಿಗೆ ಊರೇ ಕೊರಳಿಗೆ ನಗಾರಿ ಕಟ್ಟಿಕೊಂಡಿತು. ಹಾಲು ಬೇಕಾ, ಢಂ. ಮಗ ಸತ್ತ, ಢಂ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಊರಿನವರೆಲ್ಲರ ಕಿವಿ ರಾಜನ ಕಿವಿಯಂತೆಯೇ ಆಯಿತು. ಹ್ಞೂಂ. ಆಗ ಘಟ್ಟದ ಕೆಳಗಿಂದ ಉಪ್ಪು ಮಾರುವ ಹುಡುಗಿಯೊಬ್ಬಳು ಬಂದಳು, ಕೊರಳಲ್ಲಿ ನಗಾರಿ ಇಲ್ಲ. ಹ್ಞೂಂ. ಸಿಪಾಯಿಗಳು ಹಿಡಿದು ರಾಜನ ಮುಂದೆ ನಿಲ್ಲಿಸಿದರು. ಹ್ಞೂಂ. ಹುಡುಗಿ ಹೆದರಲಿಲ್ಲ, ರಾಜನ ಹತ್ತಿರ ಹತ್ತಿರ ಹೋದಳು. ಹ್ಞೂಂ. ಮೊರದ ಸದ್ದು ನಿಂತಿತ್ತು. ತಸ್ಲೀಮ್ ತಲೆಯೆತ್ತಿದರೆ ದಾದಿ ಅವಳನ್ನೇ ನೋಡುತ್ತಿದ್ದಳು. ಗೆಳತಿಯ ಹೊಸ ಚೂಡಿದಾರದ ಫೋಟೊ ಕೆಳಗೆ ತಸ್ಲೀಮಳ ಹೆಬ್ಬೆರಳು ಆಗಷ್ಟೇ ಸಾಲುಗಟ್ಟಲೆ ಕೋಲು ಹುಗಿದು ಮುಗಿಸಿತ್ತು, ಆ ಚೂಡಿದಾರ ಅವಳಿಗೆ ಇಷ್ಟವೇ ಆಗಿರಲಿಲ್ಲ. “ಹ್ಞೂಂ ಅನ್ನೋಳು ಇದ್ದಾಳೆ. ಕೇಳೋಳು ಎದ್ದು ಹೋದಳು,” ಎಂದು ದಾದಿ ಮೊರ ಎತ್ತಿಕೊಂಡು ಒಳಗೆ ನಡೆದಳು. ಸಿಟ್ಟಿರಲಿಲ್ಲ. ಅದೇ ಕೆಟ್ಟದ್ದಾಗಿತ್ತು. ನಾಳೆ ಕೇಳಿದರಾಯಿತು ಎಂದುಕೊಂಡದ್ದು ದಿನ ದಿನ ಮುಂದೆ ಹೋಗಿ, ದಾದಿ ಹಾಸಿಗೆ ಹಿಡಿದು, ತೀರಿಕೊಂಡು, ಉಪ್ಪಿನ ಹುಡುಗಿ ಇವತ್ತಿಗೂ ಆ ರಾಜನ ಹತ್ತಿರವೇ ನಿಂತಿದ್ದಾಳೆ, ತುಟಿ ತೆರೆದುಕೊಂಡು.

ಬೆರಳು ಅಳಿಸುವ ಕೀಲಿಯ ಮೇಲೆ ಹೋಗಿತ್ತು. ಒಂದು ಕೋಲು ಹೋಯಿತು. ಇನ್ನೊಂದು. ಆಮೇಲೆ ಸಾಲಿಗೆ ಸಾಲು. ಗುಲಾಬಿ, ಸಾಸಿವೆ, ಹಳದಿ ಅಂಚು.

“ಹೋಯ್ ಹೋಯ್, ಎಂತ ಆಯ್ತೆ?” ಶಾಂತಾರಾಮಣ್ಣ ಓಡಿಬಂದ. “ಎಲ್ಲ ಹೋಯ್ತಲೆ. ಕೈ ತಪ್ಪಿ ಒತ್ತಿದ್ಯನೆ?”

“ಕೈ ತಪ್ಪಲಿಲ್ಲ ಶಾಂತಾರಾಮಣ್ಣ. ಹೀಗೇ ಇರಲಿ. ಹೀಗೇ ಪ್ರಿಂಟ್ ಕೊಡಿ.”

“ಬೋಳು ಫ್ಲೆಕ್ಸಿಗೆ ಅವ್ರು ಪೂರಾ ದುಡ್ಡು ಕೊಡ್ತ್ರನೆ? ಖಾಲಿ ಜಾಗಕ್ಕೆ?”

“ಅದು ಖಾಲಿ ಅಲ್ಲ. ಆ ಜಾಗ ನಂದು.” ದನಿ ಏರಲಿಲ್ಲ. ಏರದಿರುವುದನ್ನು ತಾನೇ ಕೇಳಿಸಿಕೊಂಡು ಅವಳಿಗೆ ಇನ್ನಷ್ಟು ಧೈರ್ಯ ಬಂತು. “ಊರಿನವರ ಫ್ಲೆಕ್ಸಿಗೆ ನೀವು ಹೇಳಿದಷ್ಟು ಹುಗೀತೀನಿ. ಇದಕ್ಕೆ ಹುಗಿಯೋದಿಲ್ಲ. ಬೇಡ ಅಂದ್ರೆ ನೀವೇ ಕೂತು ಹಾಕಿ, ನಾನು ಬೇಕರಿ ಹಿಂದೆ ಹೋಗಿ ಕೂತ್ಕೊಳ್ತೀನಿ. ನಾಳೆಯಿಂದ ಬರಬೇಡ ಅಂದ್ರೂ ಆಯ್ತು.”

ಶಾಂತಾರಾಮಣ್ಣ ಯಾಸ್ಮೀನಳ ಕಡೆ ನೋಡಿದ, ಇದು ನಿಮ್ಮ ಮನೆಯ ಹೊಳೆ ನೀವೇ ದಾಟಿಕೊಳ್ಳಿ ಎನ್ನುವವನ ಹಾಗೆ. ಯಾಸ್ಮೀನ್ ಪರದೆಯನ್ನೇ ದಿಟ್ಟಿಸುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟು ಎದ್ದು ಬರುವುದನ್ನು ತಸ್ಲೀಮ್ ಕಾದಳು. ಬಂತು, ಆದರೆ ಅರ್ಧದಾರಿಯಲ್ಲಿ ಎಲ್ಲೋ ನಿಂತಿತು.

“ಮೆಸೇಜೂ ಕಳಿಸೋದಿಲ್ಲ ಅನ್ನು.”

“ನಿನ್ನೆ ಕಳಿಸಿದ್ದೇ ಉತ್ತರ ಆಪಾ. ಅದಕ್ಕಿಂತ ದೊಡ್ಡದು ನನ್ನ ಹತ್ರ ಇಲ್ಲ. ಕೂಗಿ ಹೇಳಿದ್ರೆ ಮಾತ್ರ ಕೇಳ್ತದೆ ಅಂದ್ರೆ, ಶುಕ್ರವಾರಕ್ಕೆ ಮುಂಚೆ ನಿಲ್ಲಿಸಿಬಿಡಿ. ಅಮ್ಮಿ ಹೇಳಿದ್ದು ಸರಿ.”

ಹೇಳಿದ ಮೇಲೆ ಅಂಚಿನಲ್ಲಿದ್ದ ಲೋಟವನ್ನು ತಾನೇ ಕೈಯಾರೆ ತಳ್ಳಿದ ಹಾಗಾಯಿತು. ಅವನು ತನಗೆ ಬೇಕು, ಬೇಕೇ ಬೇಕು, ಆ ಕಪ್ಪು ಕನ್ನಡಕದ ಸಮೇತ ಬೇಕು. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಹೊರಗೆ ಲಾರಿಯೊಂದು ನಾಕಾದ ತಿರುವಿನಲ್ಲಿ ಉದ್ದಕ್ಕೆ ಹಾರ್ನ್ ಮಾಡಿತು, ಎದುರಿಗೆ ಯಾರೂ ಇರಲಿಲ್ಲ.

“ನನ್ನ ಮಂಗನಿಗೆ ಫ್ಲೆಕ್ಸು ಇರಲಿಲ್ಲ,” ಎಂದಳು ಯಾಸ್ಮೀನ್ ನಿಧಾನವಾಗಿ. “ಖುಷಿಯಾಗಿರ್ತೀಯಾ ಅಂತ ಯಾರೂ ಕೇಳಲೂ ಇಲ್ಲ. ಕೇಳಿದ್ರೆ ಏನನ್ನುತ್ತಿದ್ದೆನೋ.” ಸ್ವಲ್ಪ ಹೊತ್ತು ಬುರ್ಖಾದ ತುದಿಯ ಧೂಳನ್ನು ಕೊಡವಿದಳು. ಆಮೇಲೆ ಮಾಲಿಕನ ಕಡೆ ತಿರುಗಿ, ಕನ್ನಡದಲ್ಲಿ, ತುಸು ಜೋರಾಗಿಯೇ ಹೇಳಿದಳು. “ಕೊಡ್ರಿ ಅಣ್ಣಾ ಪ್ರಿಂಟ್. ಹಿಂಗ ಇರ್ಲಿ. ಪೂರಾ ದುಡ್ಡು ಕೊಡ್ತೀನಿ, ಹೆದರಬ್ಯಾಡ್ರಿ.”

“ಎಂತದೋ ಮಾರಾಯ್ತಿ, ಅಂಗಡಿ ಹೆಸರು ಮಾತ್ರ ಕೆಳಗೆ ಹಾಕಬೇಡ,” ಎಂದು ಗೊಣಗುತ್ತ ಶಾಂತಾರಾಮಣ್ಣ ಮಷೀನಿನ ಕಡೆ ಹೋದ.

ಮಷೀನು ಕೊರ್ರೆಂದು ಫ್ಲೆಕ್ಸನ್ನು ಉಗುಳತೊಡಗಿತು. ನಿಹಾಲನ ಭಾಗದಲ್ಲಿ ಅದರ ತಲೆ ಹೋಗಿ ಬಂದು ಹೋಗಿ ಬಂದು ಬಣ್ಣ ಕಕ್ಕಿತು. ಬಲಕ್ಕೆ ಬಂದಾಗ, ಹೆಸರೊಂದನ್ನು ಬಿಟ್ಟರೆ ಕೆಲಸವಿಲ್ಲದೆ ಸುಮ್ಮನೆ ಓಡಾಡಿತು. ಮೂಲೆಗಳಿಗೆ ಹಗ್ಗ ಪೋಣಿಸುವ ಐಲೆಟ್ ಬಳೆ ಹೊಡೆದು, ಸುರುಳಿ ಸುತ್ತಿ, ದಾರ ಕಟ್ಟಿ ತಸ್ಲೀಮಳೇ ಯಾಸ್ಮೀನಳ ತೋಳಿಗೆ ಕೊಟ್ಟಳು.

“ಅಮ್ಮಿಗೆ ನಾನು ಏನು ಹೇಳ್ಲಿ?”

“ಹ್ಞೂಂ ಅಂದಳು ಅಂತ ಹೇಳಿ ಆಪಾ.”

ಯಾಸ್ಮೀನ್ ಸುರುಳಿಯ ತುದಿಯಿಂದ ಅವಳ ಭುಜಕ್ಕೆ ಒಂದು ತಿವಿದು, ಬಸ್ಸಿಗೆ ನಡೆದಳು. ಆ ತಿವಿತ ಪ್ರೀತಿಯದೋ ಸಿಟ್ಟಿನದೋ ಗೊತ್ತಾಗಲಿಲ್ಲ. ಗೊತ್ತಾಗದಿದ್ದದ್ದು ತಸ್ಲೀಮಳಿಗೆ ಹಿತವಾಯಿತು.

ಬೇಕರಿಯ ಹಿಂದಿನ ಕಟ್ಟೆಯ ಮೇಲೆ ಹೋಗಿ ಕೂತಳು. ಮೊಬೈಲಿನಲ್ಲಿ ‘ತುಂಬಾ ತುಂಬಾ ಖುಷಿ’ ಇನ್ನೂ ಕಳಿಸದೆ ಬಾಯಿಬಿಟ್ಟುಕೊಂಡು ಕಾಯುತ್ತಿತ್ತು. ಅಳಿಸಿದಳು. ಆಮೇಲೆ, ಮಂಗನಿಯ ಮಾತು ಮುರಿದಿದೆಯೋ ಉಳಿದಿದೆಯೋ ಎಂದು ಕಾಯುತ್ತ ಕೂರಲು ಮನಸ್ಸಾಗದೆ, ಬರೆದಳು. ‘ನಮ್ಮ ದಾದಿ ಹೇಳಿದ ಕಥೆ ಒಂದು ಹೇಳ್ತೀನಿ. ಒಂದೊಂದು ಮಾತಿಗೂ ನೀನು ಹ್ಞೂಂ ಅನ್ನಬೇಕು. ಅನ್ನದಿದ್ದರೆ ಕಥೆ ಮುಂದೆ ಹೋಗೋದಿಲ್ಲ’. ಕಳಿಸಿದಳು. ಮತ್ತೆ ಬರೆದಳು. ‘ಒಂದೂರಿತ್ತು. ಆ ಊರಿನ ರಾಜನ ಕಿವಿ ಮಂದ’.

ಬೇಕರಿಯ ಒಲೆಯಿಂದ ಬಿಸಿಗಾಳಿ ಬಂದು ಹೋಯಿತು. ಅವನು ಎಲ್ಲೋ ರಸ್ತೆಯಲ್ಲಿರಬಹುದು, ಬದಿಗೆ ಟೆಂಪೋ ನಿಲ್ಲಿಸುತ್ತಿರಬಹುದು. ಇಲ್ಲವೇ, ನೋಡಿ ಮೊಬೈಲನ್ನು ಬೋರಲು ಇಟ್ಟಿರಬಹುದು. ಅಮ್ಮಿಯ ಮಾತೇ ಅವನ ಮಾತೂ ಆಗಿರಬಹುದು. ಪರದೆ ಬೆಳಗಿತು.

‘ಹ್ಞೂಂ!!!’

ಅವಳಿಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಬಂದವನು ನಗಾರಿ ಕಟ್ಟಿಕೊಂಡೇ ಬಂದಿದ್ದಾನೆ, ಆದರೆ ಬಂದಿದ್ದಾನೆ. ಇಷ್ಟಕ್ಕೇ ಸಾಕು ಮಾಡಿ ಮುಂದಿನ ಮಾತು ಹೇಳಿಬಿಡಲೇ ಎಂದು ಒಂದು ಗಳಿಗೆ ಆಸೆಯಾಯಿತು. ಹಿತ್ತಿಲ ಬಾಗಿಲಲ್ಲಿ ಮೊರದ ಸದ್ದು ನಿಂತು, ದಾದಿ ಕಿವಿಗೊಟ್ಟ ಹಾಗಾಯಿತು.

‘ಹ್ಞೂಂ ಮುಂದಿರೋ ಆ ಮೂರು ಕೋಲು ಕೆಳಗಿಟ್ಟು ಹೇಳು’ ಎಂದು ಬರೆದು, ಮೊಬೈಲನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಳು. ಒಳಗಿನಿಂದ ಶಾಂತಾರಾಮಣ್ಣ ತಂಗೀ ಎಂದು ಕೂಗುತ್ತಿದ್ದ, ಹೆಗ್ಗರಣೆಯವರು ಬಂದಿರಬೇಕು. ಅವಳು ಏಳಲಿಲ್ಲ. ಅವಸರವಿದ್ದದ್ದು ಬೇರೆಯವರಿಗೆ. ಕಥೆ ಅವಳ ಹತ್ತಿರ ಇತ್ತು.